ಸಿಂಗ್ಯುಲರ್: ಲೋಕಲ್ ರಿಂಗಿನ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಎಂದು ಕೇಳುವವರಿಗೆ

ಎರಡು ಚರಗಳ ಒಂದು ಪುಟ್ಟ ಐಡಿಯಲ್ (ಕೊಟ್ಟ ಬಹುಪದಗಳನ್ನು ಬೇರೆ ಬಹುಪದಗಳಿಂದ ಗುಣಿಸಿ ಕೂಡಿದಾಗ ಸಿಗುವುದೆಲ್ಲದರ ಗುಂಪು) ತೆಗೆದುಕೊಳ್ಳಿ: (ಅ² − ಅ³, ಬ²). ಮೂಲಬಿಂದುವಿನಲ್ಲಿ ಇದರ ಉದ್ದ, ಅಂದರೆ ಲೆಂಗ್ತ್, ಎಷ್ಟು? ಅ² − ಅ³ ಎಂದರೆ ಅ²(1 − ಅ). ಲೋಕಲ್ ರಿಂಗಿನಲ್ಲಿ, ಅಂದರೆ ಒಂದು ಬಿಂದುವಿನ ಸುತ್ತ ಮಾತ್ರ ನೋಡುವ ರಿಂಗಿನಲ್ಲಿ, 1 − ಅ ಯೂನಿಟ್ (ಅದರಿಂದ ಭಾಗಿಸಬಹುದು), ಹಾಗಾಗಿ ಅದು ಲೆಕ್ಕಕ್ಕಿಲ್ಲ. ಉಳಿಯುವುದು (ಅ², ಬ²), ಅದರೊಳಗೆ ಬಾರದ ಏಕಪದಗಳು 1, ಅ, ಬ, ಅ·ಬ, ಉತ್ತರ 4. ಸಾಮಾನ್ಯ ಗ್ರೋಬ್ನರ್ ಬೇಸಿಸ್ ಸಾಫ್ಟ್‌ವೇರಿಗೆ ಇದೇ ಐಡಿಯಲ್ ಕೊಟ್ಟರೆ 6 ಎನ್ನುತ್ತದೆ. ಅದು ತಪ್ಪು ಹೇಳುತ್ತಿಲ್ಲ, (1, 0) ಬಿಂದುವಿನಲ್ಲಿರುವ ಇನ್ನೆರಡನ್ನೂ ಸೇರಿಸಿ ಎಣಿಸಿದೆ. ನಾವು ಕೇಳಿದ ಪ್ರಶ್ನೆ ಬೇರೆ, ಅದು ಉತ್ತರಿಸಿದ ಪ್ರಶ್ನೆ ಬೇರೆ. ಹಿಲ್ಬರ್ಟ್ ಫಂಕ್ಷನ್, ಮಲ್ಟಿಪ್ಲಿಸಿಟಿ, ಪ್ರೈಮರಿ ಐಡಿಯಲ್ ಎಂದು ಲೋಕಲ್ ರಿಂಗಿನಲ್ಲಿ ಕೆಲಸ ಮಾಡುವವರಿಗೆ ಈ ವ್ಯತ್ಯಾಸವೇ ಎಲ್ಲ. ಆ ಕೆಲಸಕ್ಕೆಂದೇ ಮೊದಲಿನಿಂದ ಕಟ್ಟಿದ ಸಾಫ್ಟ್‌ವೇರ್ ಸಿಂಗ್ಯುಲರ್.

ಜರ್ಮನಿಯ ಕೈಸರ್ಸ್‌ಲೌಟರ್ನ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು ಇದು. ಡೆಕ್ಕರ್, ಗ್ರೊಯೆಲ್, ಫಿಸ್ಟರ್, ಶೋನೆಮನ್ ಇದರ ಹಿಂದಿರುವ ಮುಖ್ಯ ಹೆಸರುಗಳು. ಬೇರು 1980ರ ದಶಕದ ಬರ್ಲಿನ್‌ನಲ್ಲಿದೆ. ಸಿಂಗ್ಯುಲಾರಿಟಿ ಸಿದ್ಧಾಂತದ ಪ್ರಶ್ನೆಯೊಂದಕ್ಕೆ ವಿರುದ್ಧ ಉದಾಹರಣೆ ಹುಡುಕುವಾಗ ಕೈಲೆಕ್ಕ ಸಾಲದೆ ಹುಟ್ಟಿದ ಪ್ರೋಗ್ರಾಮಿನ ಮುಂದುವರಿಕೆ ಇದು. 2004ರಲ್ಲಿ ಈ ತಂಡಕ್ಕೆ ಕಂಪ್ಯೂಟರ್ ಆಲ್ಜೀಬ್ರಾ ಸಾಫ್ಟ್‌ವೇರಿಗೆ ಕೊಡುವ ಜೆಂಕ್ಸ್ ಪ್ರಶಸ್ತಿ ಬಂತು. ಜಿಪಿಎಲ್ ಎಂಬ ಮುಕ್ತ ಪರವಾನಗಿ ಇರುವುದರಿಂದ ದುಡ್ಡು ಕೊಡಬೇಕಿಲ್ಲ. ಉಬುಂಟುವಿನಲ್ಲಿ ಆಪ್ಟ್ ಮೂಲಕ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ವಿಂಡೋಸ್ ಇದ್ದವರು ಅದರೊಳಗಿನ ಲಿನಕ್ಸ್ ಪದರ, ಅಂದರೆ ಡಬ್ಲ್ಯುಎಸ್‌ಎಲ್, ಹಾಕಿಕೊಂಡು ಅಲ್ಲಿಂದ ಓಡಿಸುವುದು ಸಲೀಸು. ಸೇಜ್ ಎಂಬ ಗಣಿತದ ಸಾಫ್ಟ್‌ವೇರ್ ಬಳಸುವವರ ಯಂತ್ರದಲ್ಲಿ ಇದು ಆಗಲೇ ಇದೆ, ಏಕೆಂದರೆ ಸೇಜ್ ತನ್ನ ಬಹುಪದಗಳ ಕೆಲಸವನ್ನು ಬಹುಪಾಲು ಇದಕ್ಕೇ ಒಪ್ಪಿಸುತ್ತದೆ.

ಒಂದು ಸೂಚನೆ. ಇಲ್ಲಿ ಚರಗಳನ್ನು ಅ, ಬ, ಕ ಎಂದೂ ಕಮಾಂಡುಗಳನ್ನು ಉಚ್ಚಾರಣೆಯಂತೆಯೂ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಎಲ್ಲವೂ ನಿಂತಿರುವುದು ರಿಂಗ್ ಘೋಷಿಸುವ ಮೊದಲ ಸಾಲಿನ ಮೇಲೆ. ಅದರಲ್ಲಿ ಮೂರು ಸಂಗತಿ ಕೊಡಬೇಕು: ಸಹಗುಣಕಗಳ ಕ್ಷೇತ್ರ (0 ಎಂದರೆ ಭಾಗಲಬ್ಧ ಸಂಖ್ಯೆಗಳು, ಅವಿಭಾಜ್ಯ ಸಂಖ್ಯೆ ಕೊಟ್ಟರೆ ಆ ಕ್ಯಾರೆಕ್ಟರಿಸ್ಟಿಕ್, ಅಂದರೆ ಆ ಸಂಖ್ಯೆಯೇ ಸೊನ್ನೆಯೆನಿಸುವ ಕ್ಷೇತ್ರ), ಚರಗಳ ಪಟ್ಟಿ, ಏಕಪದಗಳ ಕ್ರಮ. ಮೂರನೆಯದರಲ್ಲಿ ಡಿಪಿ ಎಂದರೆ ದೊಡ್ಡ ಡಿಗ್ರಿ ಮುಂದೆ, ಆಗ ರಿಂಗು ಮಾಮೂಲಿ ಬಹುಪದಗಳ ರಿಂಗು. ಡಿಎಸ್ ಎಂದರೆ ಚಿಕ್ಕ ಡಿಗ್ರಿ ಮುಂದೆ, 1 ಎಲ್ಲಕ್ಕಿಂತ ದೊಡ್ಡದು. ಆಗ ಮೂಲಬಿಂದುವಿನಲ್ಲಿ ಸೊನ್ನೆಯಾಗದ ಬಹುಪದಗಳೆಲ್ಲ ಯೂನಿಟ್ ಆಗಿಬಿಡುತ್ತವೆ, ರಿಂಗು ಲೋಕಲ್ ಆಗುತ್ತದೆ. ಎರಡಕ್ಷರ ಬದಲಾದರೆ ರಿಂಗೇ ಬದಲು. ಮೇಲಿನ ಐಡಿಯಲ್ಲಿಗೆ ಡಿಪಿ ಹಾಕಿ ವಿಡಿಮ್ (ಉದ್ದ ಎಣಿಸುವ ಕಮಾಂಡ್) ಕೇಳಿದರೆ 6, ಡಿಎಸ್ ಹಾಕಿ ಕೇಳಿದರೆ 4.

ಡಿಎಸ್ ಕ್ರಮದಲ್ಲಿ, ಗ್ರೋಬ್ನರ್ ಬೇಸಿಸ್ಸಿಗೆ ಬಳಸುವ ಬುಖ್‌ಬರ್ಗರ್‌ನ ಭಾಗಾಕಾರ ನಡೆಯುವುದಿಲ್ಲ. ಯಾಕೆಂದು ನೋಡಲು ಅ ಎಂಬುದನ್ನು ಅ − ಅ² ಇಂದ ಭಾಗಿಸಿ. ಮುಂದಿನ ಪದ (ಕ್ರಮದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವ ಪದ, ಲೀಡಿಂಗ್ ಟರ್ಮ್) ಅ, ಕಳೆದರೆ ಅ² ಉಳಿಯಿತು. ಮತ್ತೆ ಕಳೆದರೆ ಅ³, ಮತ್ತೆ ಅ⁴. ಮುಗಿಯುವುದೇ ಇಲ್ಲ. 1982ರಲ್ಲಿ ಟಿಯೊ ಮೋರಾ ತೋರಿಸಿದ ದಾರಿ ಸರಳ: ಭಾಗಿಸುತ್ತ ಹೋಗುವಾಗ ಹಿಂದೆ ಬಂದ ಶೇಷಗಳನ್ನೂ ಭಾಜಕಗಳ ಸಾಲಿಗೆ ಸೇರಿಸಿಕೊಳ್ಳಿ. ಇಲ್ಲಿ ಶುರುವಿನ ಅ ಎಂಬುದನ್ನೇ ಎತ್ತಿಟ್ಟುಕೊಂಡರೆ, ಮುಂದೆ ಬಂದ ಅ² ಅದರಿಂದ ನಿಶ್ಶೇಷವಾಗಿ ಹೋಗುತ್ತದೆ. ಎರಡೇ ಹೆಜ್ಜೆ. ಸಿಕ್ಕಿದ್ದು (1 − ಅ)·ಅ = ಅ − ಅ² ಎಂಬ ಸಂಬಂಧ, ಅಂದರೆ ಯೂನಿಟ್ಟಿನಿಂದ ಗುಣಿಸಿದ ಮೇಲಿನ ಶೇಷ. ರೆಡ್ಯೂಸ್ ಕಮಾಂಡ್ ಕೊಡುವ ಶೇಷವನ್ನು ಡಿಎಸ್ ರಿಂಗಿನಲ್ಲಿ ಓದುವಾಗ ಇದನ್ನು ಮರೆಯಬಾರದು. ಶೇಷ ಸೊನ್ನೆಯೇ ಅಲ್ಲವೇ ಎಂಬುದು ಖಚಿತ. ಸೊನ್ನೆಯಲ್ಲದಿದ್ದಾಗ ಅದರ ಬಾಲದ ಪದಗಳಿಗೆ ಹೆಚ್ಚು ಅರ್ಥ ಹಚ್ಚಬೇಡಿ.

ಈಗ ಕೈಗೆತ್ತಿಕೊಳ್ಳಲು ಯೋಗ್ಯವಾದ ಉದಾಹರಣೆ ಒಂದನ್ನು ನಿಧಾನವಾಗಿ ನೋಡೋಣ. ಅ = ಟ⁴, ಬ = ಟ⁵, ಕ = ಟ¹¹ ಎಂಬ ವಕ್ರರೇಖೆ. ಇದರ ಐಡಿಯಲ್ಲಿಗೆ ಮೂರು ಜನಕಗಳು: ಅ·ಕ − ಬ³, ಬ·ಕ − ಅ⁴, ಕ² − ಅ³·ಬ². ಘಾತಗಳನ್ನು ಕೂಡಿ ನೋಡಿದರೆ 15, 16, 22 ಎಂದು ಎರಡೂ ಕಡೆ ತಾಳೆಯಾಗುತ್ತದೆ. ರಿಂಗು ಒಂದು ಆಯಾಮದ ಡೊಮೇನ್ (ಸೊನ್ನೆಯಲ್ಲದ ಎರಡರ ಗುಣಲಬ್ಧ ಸೊನ್ನೆಯಾಗದ ರಿಂಗು), ಹಾಗಾಗಿ ಕೊಹೆನ್–ಮೆಕಾಲೆ: ಒಂದು ಆಯಾಮದಲ್ಲಿ ಇದರರ್ಥ, ಎಲ್ಲ ಚರಗಳಿಂದ ಗುಣಿಸಿದಾಗಲೂ ಸೊನ್ನೆಯಾಗುವ, ತಾನು ಸೊನ್ನೆಯಲ್ಲದ ಅಂಶ ಅದರಲ್ಲಿಲ್ಲ. ಇಷ್ಟು ಸಾಧುವಾದ ರಿಂಗಿನ ಹಿಲ್ಬರ್ಟ್ ಫಂಕ್ಷನ್ ಕೂಡ ಸಾಧುವಾಗಿರುತ್ತದೆ ಎಂದುಕೊಂಡರೆ ಹಾಗಿಲ್ಲ.

ಡಿಎಸ್ ರಿಂಗು ಘೋಷಿಸಿ, ಐಡಿಯಲ್ ಕೊಟ್ಟು, ಎಸ್‌ಟಿಡಿ (ಸ್ಟಾಂಡರ್ಡ್ ಬೇಸಿಸ್ ಹುಡುಕುವ ಕಮಾಂಡ್, ಲೋಕಲ್ ಕ್ರಮದಲ್ಲಿ ಗ್ರೋಬ್ನರ್ ಬೇಸಿಸ್ಸಿನ ಜಾಗದಲ್ಲಿರುವುದು) ಓಡಿಸಿ. ಮೂರರ ಬದಲು ನಾಲ್ಕು ಜನಕಗಳು ಬರುತ್ತವೆ, ಹೊಸದು ಬ⁴ − ಅ⁵. ಅದು ಎಲ್ಲಿಂದ ಬಂತೆಂದು ಕೈಯಲ್ಲೇ ನೋಡಬಹುದು: ಮೊದಲನೆಯದನ್ನು ಬ ಇಂದ, ಎರಡನೆಯದನ್ನು ಅ ಇಂದ ಗುಣಿಸಿ ಕಳೆಯಿರಿ, ಅ·ಬ·ಕ ಹೊಡೆದುಹೋಗುತ್ತದೆ. ಮುಂದಿನ ಪದಗಳು ಅ·ಕ, ಬ·ಕ, ಕ², ಬ⁴. ಟ್ಯಾಂಜೆಂಟ್ ಕೋನಿನ, ಅಂದರೆ ಪ್ರತಿ ಬಹುಪದದಲ್ಲಿ ಅತಿ ಚಿಕ್ಕ ಡಿಗ್ರಿಯ ಭಾಗವನ್ನಷ್ಟೇ ಇಟ್ಟುಕೊಂಡಾಗ ಸಿಗುವುದರ, ಐಡಿಯಲ್ ಇದೇ. ಇದರಲ್ಲಿ ಇಲ್ಲದ ಏಕಪದಗಳನ್ನು ಡಿಗ್ರಿಯ ಪ್ರಕಾರ ಎಣಿಸಿದರೆ 1, 3, 3, 4, 4, 4, ಹಿಲ್ಬರ್ಟ್ ಫಂಕ್ಷನ್ ಎಂದರೆ ಇದೇ. ಹಿಲ್ಬ್ ಕಮಾಂಡ್ ಇದನ್ನು ಎರಡು ಬಗೆಯಲ್ಲಿ ಮುದ್ರಿಸುತ್ತದೆ. ಮೊದಲನೆಯದು ಛೇದ (1 − ಟ)³ ಇಟ್ಟುಕೊಂಡಾಗಿನ ಅಂಶ: 1 − 3ಟ² + 3ಟ³ − 2ಟ⁴ + ಟ⁵. ಎರಡನೆಯದು ಛೇದವನ್ನು ಆಯಾಮದಷ್ಟಕ್ಕೆ ಇಳಿಸಿದಾಗಿನ ಅಂಶ: 1 + 2ಟ + ಟ³. ಕೆಳಗೆ ಆಯಾಮ 1, ಮಲ್ಟಿಪ್ಲಿಸಿಟಿ 4 ಎಂದು ಬರುತ್ತದೆ.

ಎರಡನೆಯ ಸಾಲನ್ನು ಗಮನಿಸಿ. ಸಹಗುಣಕಗಳು 1, 2, 0, 1. ಸೊನ್ನೆಯ ನಂತರ ಮತ್ತೆ ಒಂದು. ಟ್ಯಾಂಜೆಂಟ್ ಕೋನ್ ಕೊಹೆನ್–ಮೆಕಾಲೆ ಆಗಿದ್ದರೆ ಒಮ್ಮೆ ಸೊನ್ನೆಗಿಳಿದದ್ದು ಮತ್ತೆ ಏಳುವಂತಿಲ್ಲ, ಮೆಕಾಲೆಯ ಮಿತಿಯೇ ಅದನ್ನು ತಡೆಯುತ್ತದೆ. ರಿಂಗು ಕೊಹೆನ್–ಮೆಕಾಲೆ ಇದ್ದೂ ಅದರ ಟ್ಯಾಂಜೆಂಟ್ ಕೋನ್ ಅಲ್ಲ ಎಂಬುದು ಒಂದು ಸಾಲಿನ ಔಟ್‌ಪುಟ್ಟಿನಲ್ಲಿ ಕಣ್ಣಿಗೆ ರಾಚುತ್ತದೆ. ತಪ್ಪಿತಸ್ಥ ಕ. ಟ್ಯಾಂಜೆಂಟ್ ಕೋನಿನಲ್ಲಿ ಅದನ್ನು ಅ, ಬ, ಕ ಮೂರರಲ್ಲಿ ಯಾವುದರಿಂದ ಗುಣಿಸಿದರೂ ಸೊನ್ನೆ.

ಇದೇ ಉದಾಹರಣೆಯಲ್ಲಿ ಎರಡು ಎಡವಟ್ಟುಗಳನ್ನು ನೋಡಬಹುದು. ಒಂದು, ಎಸ್‌ಟಿಡಿ ಮರೆತು ನೇರ ಮೂಲ ಐಡಿಯಲ್ಲಿಗೇ ಹಿಲ್ಬ್ ಕೊಡುವುದು. ಸಿಂಗ್ಯುಲರ್ ಆಗ ‘ಇದು ಸ್ಟಾಂಡರ್ಡ್ ಬೇಸಿಸ್ ಅಲ್ಲ’ ಎಂದು ಒಂದು ಸಾಲು ಎಚ್ಚರಿಸಿ, ನಿಲ್ಲದೆ ಉತ್ತರ ಕೊಟ್ಟುಬಿಡುತ್ತದೆ. ಕಣ್ಣೆದುರಿನ ಮೂರು ಮುಂದಿನ ಪದಗಳಾದ ಅ·ಕ, ಬ·ಕ, ಕ² ಇಷ್ಟನ್ನೇ ನೋಡಿ ಆಯಾಮ 2, ಮಲ್ಟಿಪ್ಲಿಸಿಟಿ 1 ಎನ್ನುತ್ತದೆ. ವಕ್ರರೇಖೆಯ ಆಯಾಮ ಎರಡೆಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಡಿಮ್, ಮಲ್ಟ್, ವಿಡಿಮ್, ಕೆಬೇಸ್ ಎಲ್ಲವೂ ಹೀಗೇ ವರ್ತಿಸುತ್ತವೆ. ಸ್ಕ್ರಿಪ್ಟಿನೊಳಗೆ ನೂರಾರು ಐಡಿಯಲ್ ಓಡಿಸುವಾಗ ಆ ಎಚ್ಚರಿಕೆಯ ಸಾಲು ಔಟ್‌ಪುಟ್ಟಿನ ರಾಶಿಯಲ್ಲಿ ಮುಳುಗಿಹೋಗುತ್ತದೆ. ಇದು ಎಚ್ಚರಿಕೆಯಾಗಿ ಉಳಿಯದೆ ದೋಷವೆಂದು ನಿಂತುಬಿಡುವಂತೆ ಇರಬೇಕಿತ್ತು. ಈ ಸಾಫ್ಟ್‌ವೇರಿನ ಬಗ್ಗೆ ನಮ್ಮ ದೊಡ್ಡ ತಕರಾರು ಇದೇ.

ಎರಡನೆಯದು ಇನ್ನೂ ಸೂಕ್ಷ್ಮ. ಲೋಕಲ್ ಕ್ರಮಗಳಲ್ಲಿ ಡಿಎಸ್ ಜೊತೆಗೆ ಎಲ್‌ಎಸ್ ಎಂಬುದೂ ಇದೆ. ಅದು ಡಿಗ್ರಿ ನೋಡುವುದಿಲ್ಲ, ನಿಘಂಟಿನ ಕ್ರಮವನ್ನು ತಿರುವಿಹಾಕುತ್ತದೆ. ಅದರಲ್ಲಿ ನಮ್ಮ ಮೊದಲ ಜನಕದ ಮುಂದಿನ ಪದ ಅ·ಕ ಹೋಗಿ ಬ³ ಆಗುತ್ತದೆ. ಮುಂದಿನ ಪದಗಳ ಐಡಿಯಲ್ (ಬ³, ಬ·ಕ, ಕ²). ಹಿಲ್ಬ್ ಈಗ ಹೇಳುವುದು 1, 3, 4, 4. ಆಯಾಮ ಸರಿ, ಇಲ್ಲಿ ಮಲ್ಟಿಪ್ಲಿಸಿಟಿಯೂ 4, ಎಚ್ಚರಿಕೆಯ ಸಾಲೂ ಇಲ್ಲ. ತಪ್ಪಿರುವುದು ಎರಡನೆಯ ಡಿಗ್ರಿಯಲ್ಲಿ ಮಾತ್ರ, 3 ಇರಬೇಕಾದಲ್ಲಿ 4. ಆ ಒಂದು ಅಂಕಿಯಿಂದ ಟ್ಯಾಂಜೆಂಟ್ ಕೋನ್ ಕೊಹೆನ್–ಮೆಕಾಲೆ ಎಂಬ ಸುಳ್ಳು ತೀರ್ಮಾನಕ್ಕೆ ಬಂದುಬಿಡಬಹುದು. ಹಿಲ್ಬ್ ಎಣಿಸುವುದು ಮುಂದಿನ ಪದಗಳ ಐಡಿಯಲ್ಲನ್ನು. ಅದು ಟ್ಯಾಂಜೆಂಟ್ ಕೋನಿನ ಲೆಕ್ಕವಾಗುವುದು ಕ್ರಮವು ಮೊದಲು ಡಿಗ್ರಿಯನ್ನು ನೋಡಿದಾಗ ಮಾತ್ರ. ಹಿಲ್ಬರ್ಟ್ ಫಂಕ್ಷನ್ ಬೇಕಿದ್ದರೆ ಡಿಎಸ್ ಬಿಟ್ಟು ಅತ್ತಿತ್ತ ಹೋಗಬೇಡಿ.

ಇನ್ನು ಮ್ಯಾಕ್ಸಿಮಲ್ ಐಡಿಯಲ್ಲಿಗೆ ಸೇರಿದ ಪ್ರೈಮರಿ ಐಡಿಯಲ್ಲುಗಳು, ಅಂದರೆ ಪ್ರತಿ ಚರದ ಯಾವುದೋ ಒಂದು ಘಾತ ಒಳಗಿರುವಂಥವು. ಈ ಮಾದರಿಯ ಐಡಿಯಲ್ ಬಂದಾಗ ಸಿಂಗ್ಯುಲರ್ ಬಲು ಚುರುಕು. ಯಾವುದೋ ಡಿಗ್ರಿಯಿಂದ ಆಚೆಗಿನ ಏಕಪದಗಳೆಲ್ಲ ಐಡಿಯಲ್ಲಿನೊಳಗೇ ಇವೆ ಎಂದು ಗೊತ್ತಾದ ಕೂಡಲೇ ಅದು ಆ ಡಿಗ್ರಿಯಿಂದಾಚೆಯ ಪದಗಳನ್ನು ಕತ್ತರಿಸಿ ಎಸೆಯುತ್ತದೆ. ಆ ಗಡಿಯನ್ನು ಹೈಕಾರ್ನರ್ ಕಮಾಂಡಿನಿಂದ ನೋಡಲೂಬಹುದು. ಜನಕಗಳ ಬಾಲ ಎಷ್ಟೇ ಉದ್ದವಿದ್ದರೂ ಲೆಕ್ಕ ಹಗುರವಾಗುವುದು ಇದರಿಂದ.

ಇಲ್ಲಿ ಒಂದು ಗೊಂದಲ ಪದೇಪದೇ ಕಾಣುತ್ತದೆ. ಐಡಿಯಲ್ (ಅ², ಅ·ಬ, ಬ³) ಇರಲಿ. ಎಸ್‌ಟಿಡಿಯ ನಂತರ ಮಲ್ಟ್ ಕೇಳಿದರೆ 4 ಬರುತ್ತದೆ: 1, ಅ, ಬ, ಬ². ಇದು ಐಡಿಯಲ್ಲಿನಿಂದ ಭಾಗಿಸಿದಾಗ ಸಿಗುವ ಭಾಗಲಬ್ಧ ರಿಂಗಿನ ಉದ್ದ. ಸ್ಯಾಮ್ಯುಯೆಲ್‌ನ ಅರ್ಥದಲ್ಲಿ ಆ ಐಡಿಯಲ್ಲಿನ ಮಲ್ಟಿಪ್ಲಿಸಿಟಿ ಬೇರೆ. ಅದಕ್ಕೆ ಐಡಿಯಲ್ಲಿನ ಘಾತಗಳ ಉದ್ದಗಳು ಬೇಕು. ಒಂದು ಲೂಪ್ ಹಾಕಿ ಪ್ರತಿ ಘಾತಕ್ಕೂ ಎಸ್‌ಟಿಡಿ, ವಿಡಿಮ್ ಓಡಿಸಿದರೆ ಬರುವುದು 4, 13, 27, 46, 70. ಅಂತರಗಳು 9, 14, 19, 24. ಅಂತರಗಳ ಅಂತರ ಎಲ್ಲ ಕಡೆ 5. ಎರಡು ಆಯಾಮದಲ್ಲಿ ಇದೇ ಮಲ್ಟಿಪ್ಲಿಸಿಟಿ: 5, ನಾಲ್ಕಲ್ಲ. ಇಡೀ ಪಟ್ಟಿ 5ನ/2 × (ನ + 1) − ನ ಎಂಬ ಸೂತ್ರಕ್ಕೆ ನ = 1ರಿಂದಲೇ ಕೂರುತ್ತದೆ.

ಎಲ್ಲ ಐಡಿಯಲ್ಲೂ ಇಷ್ಟು ಬೇಗ ಹಳಿಗೆ ಬರುವುದಿಲ್ಲ. ಮೂರ್ನಾಲ್ಕು ಬೆಲೆ ಒಂದು ಬಹುಪದಕ್ಕೆ ಹೊಂದಿದ ಮಾತ್ರಕ್ಕೆ ಅದೇ ಹಿಲ್ಬರ್ಟ್–ಸ್ಯಾಮ್ಯುಯೆಲ್ ಬಹುಪದ ಎನ್ನಲಾಗದು. ಮೇಲಾಗಿ ಘಾತ ಏರಿದಂತೆ ಜನಕಗಳು ಉಕ್ಕುತ್ತವೆ: ಐದು ಜನಕಗಳ ಐಡಿಯಲ್ಲಿನ ಹತ್ತನೇ ಘಾತಕ್ಕೆ ಲೆಕ್ಕದ ಮಟ್ಟಿಗೆ 1001 ಗುಣಲಬ್ಧಗಳು. ಮಲ್ಟಿಪ್ಲಿಸಿಟಿ ಒಂದೇ ಸಾಕಿದ್ದರೆ, ರಿಂಗು ಕೊಹೆನ್–ಮೆಕಾಲೆ ಆಗಿದ್ದರೆ, ಇದಕ್ಕಿಂತ ಅಗ್ಗದ ದಾರಿ ಇದೆ. ಜನಕಗಳಿಂದ ಆಯಾಮದಷ್ಟು ಸಂಖ್ಯೆಯ ರ‍್ಯಾಂಡಮ್ ಜೋಡಣೆಗಳನ್ನು ಮಾಡಿ, ಅವುಗಳ ಐಡಿಯಲ್ಲಿನ ವಿಡಿಮ್ ಕೇಳಿ. ನಮ್ಮ ಉದಾಹರಣೆಯಲ್ಲಿ (ಅ² + ಬ³, ಅ·ಬ) ಎಂಬ ಎರಡೇ ಜನಕಗಳು ಸಾಕು, ವಿಡಿಮ್ ಒಂದೇ ಏಟಿಗೆ 5 ಎನ್ನುತ್ತದೆ. ಜೋಡಣೆ ಕೆಟ್ಟದಾಗಿ ಬಿದ್ದರೆ ಉತ್ತರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎರಡು ಮೂರು ಸಲ ಓಡಿಸಿ ಕನಿಷ್ಠವನ್ನು ಹಿಡಿಯಿರಿ. ಕ್ಯಾರೆಕ್ಟರಿಸ್ಟಿಕ್ 2, 3 ಮುಂತಾದ ಪುಟ್ಟ ಕ್ಷೇತ್ರಗಳಲ್ಲಿ ಈ ಉಪಾಯ ಕೈಕೊಡುತ್ತದೆ, ಅಲ್ಲಿ ರ‍್ಯಾಂಡಮ್ ಆಗಿ ಆರಿಸಲು ಸಂಖ್ಯೆಗಳೇ ಇರುವುದಿಲ್ಲ.

ಪ್ರೈಮರಿ ವಿಭಜನೆಗೆ, ಅಂದರೆ ಐಡಿಯಲ್ಲನ್ನು ಪ್ರೈಮರಿ ಐಡಿಯಲ್ಲುಗಳ ಛೇದನವಾಗಿ ಒಡೆಯಲು, ಪ್ರಿಮ್‌ಡೆಕ್ ಲೈಬ್ರರಿಯನ್ನು ಮೊದಲು ಲೋಡ್ ಮಾಡಬೇಕು. ಅದರಲ್ಲಿ ಜಿಯಾನಿ–ಟ್ರೇಗರ್–ಜಕಾರಿಯಾಸ್ ವಿಧಾನವೂ ಶಿಮೊಯಾಮಾ–ಯೊಕೊಯಾಮಾ ವಿಧಾನವೂ ಇವೆ. ಬರುವ ಉತ್ತರ ಜೋಡಿಗಳ ಪಟ್ಟಿ: ಪ್ರೈಮರಿ ಐಡಿಯಲ್, ಅದರ ಪಕ್ಕದಲ್ಲಿ ಅದರ ಪ್ರೈಮ್. ಮೇಲಿನ ಟ್ಯಾಂಜೆಂಟ್ ಕೋನ್ (ಅ·ಕ, ಬ·ಕ, ಕ², ಬ⁴) ಎರಡು ಭಾಗವಾಗುತ್ತದೆ. ಒಂದು (ಕ, ಬ⁴). ಇನ್ನೊಂದು ಮೂಲಬಿಂದುವಿನಲ್ಲಿ ಹುದುಗಿದ ಘಟಕ, ಉದಾಹರಣೆಗೆ (ಅ, ಬ, ಕ²). ‘ಉದಾಹರಣೆಗೆ’ ಎಂದದ್ದು ಬೇಕೆಂದೇ. ಹುದುಗಿದ ಘಟಕ ಒಂದೇ ಅಲ್ಲ. (ಅ − ಕ, ಬ, ಕ²) ಇಟ್ಟರೂ ಛೇದನ ಅದೇ ಬರುತ್ತದೆ. ಹಾಗಾಗಿ ಎರಡು ವಿಧಾನಗಳ ಔಟ್‌ಪುಟ್ ಬೇರೆ ಕಂಡರೆ ಗಾಬರಿ ಬೇಡ. ಇಂಟರ್‌ಸೆಕ್ಟ್ ಕಮಾಂಡಿನಿಂದ ಘಟಕಗಳನ್ನು ಮತ್ತೆ ಸೇರಿಸಿ, ಮೂಲ ಐಡಿಯಲ್ಲಿನೊಂದಿಗೆ ಎರಡೂ ದಿಕ್ಕಿನಿಂದ ರೆಡ್ಯೂಸ್ ಮಾಡಿ ಸೊನ್ನೆ ಬರುತ್ತದೆಯೇ ನೋಡಿ. ಕಣ್ಣಂದಾಜಿಗಿಂತ ಅದು ನಂಬಿಕಸ್ಥ ಪರೀಕ್ಷೆ.

ಡಿಎಸ್ ರಿಂಗಿನಲ್ಲಿ ವಿಭಜನೆ ಕೇಳಿದಾಗ ಯಾವ ರಿಂಗಿನ ಉತ್ತರ ಬರುತ್ತಿದೆ ಎಂಬುದನ್ನು ತಿಳಿದಿರಲೇಬೇಕು. ಸಿಂಗ್ಯುಲರ್‌ನ ಲೋಕಲ್ ರಿಂಗು ಎಂದರೆ ಬಹುಪದಗಳ ರಿಂಗನ್ನು ಮೂಲಬಿಂದುವಿನಲ್ಲಿ ಲೋಕಲೈಸ್ ಮಾಡಿದ್ದು. ಅದು ಘಾತಶ್ರೇಣಿಗಳ ರಿಂಗು ಅಲ್ಲ. ಹಿಲ್ಬರ್ಟ್ ಫಂಕ್ಷನ್ನಿಗೆ, ಉದ್ದಕ್ಕೆ, ಮಲ್ಟಿಪ್ಲಿಸಿಟಿಗೆ ಇದರಿಂದ ಬಾಧಕವಿಲ್ಲ, ಕಂಪ್ಲೀಷನ್‌ಗೆ, ಅಂದರೆ ಘಾತಶ್ರೇಣಿಗಳ ಕಡೆಗೆ, ಹೋದರೂ ಅವು ಬದಲಾಗುವುದಿಲ್ಲ. ಪ್ರೈಮರಿ ವಿಭಜನೆ ಬದಲಾಗುತ್ತದೆ. ಬ² − ಅ² − ಅ³ ಎಂಬ ಗಂಟು ಬಿದ್ದ ವಕ್ರರೇಖೆಯನ್ನು ಕೊಡಿ. ಸಿಂಗ್ಯುಲರ್ ಒಂದೇ ಘಟಕ, ಅದೂ ಪ್ರೈಮ್ ಎನ್ನುತ್ತದೆ. ಅದು ಕೆಲಸ ಮಾಡುತ್ತಿರುವ ರಿಂಗಿನಲ್ಲಿ ಅದು ಸತ್ಯ. ಆದರೆ ಘಾತಶ್ರೇಣಿಗಳಲ್ಲಿ 1 + ಅ ಇದಕ್ಕೆ ವರ್ಗಮೂಲವಿದೆ, ಬಹುಪದ ಎರಡು ಅಪವರ್ತನಗಳಾಗಿ ಒಡೆಯುತ್ತದೆ, ಚಿತ್ರದಲ್ಲಿ ಕಾಣುವ ಎರಡು ಕವಲುಗಳು ಅವೇ. ಟ್ಯಾಂಜೆಂಟ್ ಕೋನನ್ನು ವಿಭಜಿಸಿದರೆ (ಬ − ಅ), (ಬ + ಅ) ಎಂದು ಎರಡು ಸಿಗುವುದರಿಂದ ಸುಳಿವು ದೊರೆಯುತ್ತದೆ. ಎಲ್ಲ ಕಡೆ ಆ ಸುಳಿವು ಸಿಗುವುದಿಲ್ಲ: ಬ² − ಅ³ ರ ಟ್ಯಾಂಜೆಂಟ್ ಕೋನ್ ಬರಿಯ ಬ², ಪ್ರೈಮರಿ ಹೌದು, ಪ್ರೈಮ್ ಅಲ್ಲ. ಮ್ಯಾನುಯಲ್ಲಿನಲ್ಲಿ ಲೋಕಲೈಸೇಷನ್, ಘಾತಶ್ರೇಣಿ ಎಂಬ ಈ ಭೇದವನ್ನು ಟಿಪ್ಪಣಿಯಾಗಿ ಕೊಟ್ಟಿದ್ದಾರೆ. ಅದು ದಪ್ಪ ಅಕ್ಷರದಲ್ಲಿ ಮೊದಲ ಸಾಲಿನಲ್ಲೇ ಇರಬೇಕಾದ ಮಾತು.

ಮೂಲಬಿಂದು ಬಿಟ್ಟು ಬೇರೆ ಬಿಂದು ಬೇಕಿದ್ದರೆ ನೀವೇ ಅದನ್ನು ಮೂಲಬಿಂದುವಿಗೆ ಸರಿಸಬೇಕು. ಶುರುವಿನ (ಅ² − ಅ³, ಬ²) ರಲ್ಲಿ ಅ ಇದ್ದ ಕಡೆ ಅ + 1 ಹಾಕುವ ಮ್ಯಾಪ್ ಮಾಡಿ ಡಿಎಸ್‌ನಲ್ಲಿ ಓಡಿಸಿದರೆ 2 ಬರುತ್ತದೆ, 4 + 2 ಸೇರಿ 6 ತಾಳೆಯಾಗುತ್ತದೆ. ಮ್ಯಾಕ್ಸಿಮಲ್ ಅಲ್ಲದ ಪ್ರೈಮಿನಲ್ಲಿ ಲೋಕಲೈಸ್ ಮಾಡುವ ಉಪಾಯ ಕಡಿಮೆ ಜನಕ್ಕೆ ಗೊತ್ತು. ಮೂರು ಚರಗಳಿದ್ದು (ಅ, ಬ) ಎಂಬ ಪ್ರೈಮಿನಲ್ಲಿ ನೋಡಬೇಕಿದ್ದರೆ, ಕ ಎಂಬುದನ್ನು ಚರಗಳ ಪಟ್ಟಿಯಿಂದ ತೆಗೆದು ಕ್ಯಾರೆಕ್ಟರಿಸ್ಟಿಕ್‌ನ ಪಕ್ಕದಲ್ಲಿ ಪ್ಯಾರಾಮೀಟರ್ ಆಗಿ ಬರೆಯಿರಿ. ಕ ಆಗ ಸಹಗುಣಕಗಳ ಕ್ಷೇತ್ರಕ್ಕೆ ಸೇರಿ ಯೂನಿಟ್ ಆಗುತ್ತದೆ.

ವೇಗದ ವಿಚಾರದಲ್ಲಿ, ಕ್ಯಾರೆಕ್ಟರಿಸ್ಟಿಕ್ 0ಯಲ್ಲಿ ಸಹಗುಣಕಗಳು ಊದಿಕೊಳ್ಳುವುದೇ ಮುಖ್ಯ ತೊಂದರೆ. ಮೋರಾನ ಭಾಗಾಕಾರದಲ್ಲಿ ಅದು ಇನ್ನಷ್ಟು. ಮೊದಲು 32003 ಎಂಬ ಅವಿಭಾಜ್ಯದಲ್ಲಿ ಓಡಿಸಿ ನೋಡುವುದು ಸಿಂಗ್ಯುಲರ್ ಬಳಸುವವರ ರೂಢಿ. ಹಾಗೆಂದು ಕಂಡ ಅವಿಭಾಜ್ಯವನ್ನೆಲ್ಲ ಹಾಕಬಾರದು. ಅ⁵ + ಬ⁵ ರ ಮಿಲ್ನರ್ ಸಂಖ್ಯೆ (ಅದರ ಅವಕಲನಗಳ ಐಡಿಯಲ್ಲಿನ ಉದ್ದ) 16, ಆದರೆ ಕ್ಯಾರೆಕ್ಟರಿಸ್ಟಿಕ್ 5ರಲ್ಲಿ ಅವಕಲನಗಳೆರಡೂ ಸೊನ್ನೆಯಾಗಿ ವಿಡಿಮ್ −1 ಎನ್ನುತ್ತದೆ. −1 ಎಂದರೆ ಇದರ ಭಾಷೆಯಲ್ಲಿ ಅನಂತ. ಹಿಲ್ಬ್‌ನ ಸಹಗುಣಕಗಳು ತುಂಬ ದೊಡ್ಡದಾದರೆ ಪೂರ್ಣಾಂಕದ ಮಿತಿ ಮೀರಿತೆಂಬ ದೋಷ ಬರುತ್ತದೆ, ಚರಗಳು ಹೆಚ್ಚಿದ್ದು ಡಿಗ್ರಿಯೂ ಏರಿದಾಗ ಇದು ಎದುರಾಗುತ್ತದೆ. ಇನ್ನೊಂದು ಬಳಕೆಯ ಸಂಗತಿ: ಹಿಲ್ಬ್ ಅನ್ನು ಅಂಕಿಗಳ ಪಟ್ಟಿಯಾಗಿ ಹಿಂದಕ್ಕೆ ಪಡೆದಾಗ ಕೊನೆಯ ಅಂಕಿ ಶ್ರೇಣಿಗೆ ಸೇರಿದ್ದಲ್ಲ, ಒಳಬಳಕೆಗೆ ಇಟ್ಟಿದ್ದು. ಅದನ್ನೂ ಕೂಡಿಸಿಕೊಂಡು ಲೆಕ್ಕ ತಪ್ಪಿಸಿಕೊಳ್ಳಬೇಡಿ.

ಹೊಸಬರು ತಡವರಿಸುವುದು ಬರಹದ ರೀತಿಯಲ್ಲಿ. ಒಂದಕ್ಷರದ ಚರಗಳಿದ್ದರೆ ಔಟ್‌ಪುಟ್ಟಿನಲ್ಲಿ ಬ ಪಕ್ಕ 3 ಬರೆದದ್ದು ಬ³. ಮೂರನೆಯ ಬ ಎಂದು ಓದಿಕೊಂಡವರಿದ್ದಾರೆ. ಸಾಲಿನ ಕೊನೆಗೆ ಅರ್ಧವಿರಾಮ ಹಾಕಲು ಮರೆತರೆ ಪ್ರಾಂಪ್ಟ್ ಚುಕ್ಕಿಯಾಗಿ ಮಾರ್ಪಟ್ಟು ಸುಮ್ಮನೆ ಕೂರುತ್ತದೆ. ಹ್ಯಾಂಗ್ ಆಗಿದೆ ಎಂದು ಮುಚ್ಚಬೇಡಿ, ಅರ್ಧವಿರಾಮ ಹಾಕಿ ಎಂಟರ್ ಒತ್ತಿ.

ಮೆಕಾಲೆ2 ಜೊತೆ ಹೋಲಿಸಿ ಕೇಳುವವರು ಬಹಳ. ಗ್ರೇಸನ್ ಮತ್ತು ಸ್ಟಿಲ್‌ಮನ್ ಅವರ ಆ ಸಾಫ್ಟ್‌ವೇರಿನ ಭಾಷೆ ಇದಕ್ಕಿಂತ ಅಚ್ಚುಕಟ್ಟು, ಗ್ರೇಡೆಡ್ ಮಾಡ್ಯೂಲುಗಳ ಫ್ರೀ ರೆಸಲ್ಯೂಷನ್‌ಗೆ ನಾವು ಅದನ್ನೇ ಶಿಫಾರಸು ಮಾಡುತ್ತೇವೆ. ಟ್ಯಾಂಜೆಂಟ್ ಕೋನಿನ ಐಡಿಯಲ್ ಬೇಕೆಂದರೆ ಅದರಲ್ಲೂ ನೇರ ಕಮಾಂಡ್ ಇದೆ. ಅಷ್ಟೇ ಸಾಕಿದ್ದವರು ಹೊಸದೊಂದನ್ನು ಕಲಿಯಬೇಕಿಲ್ಲ. ಲೋಕಲ್ ರಿಂಗಿನೊಳಗೇ ಕೂತು ಐಡಿಯಲ್ಲುಗಳನ್ನು ಛೇದಿಸಿ, ಭಾಗಿಸಿ, ಘಾತಕ್ಕೇರಿಸಿ, ಪ್ರತಿ ಹೆಜ್ಜೆಯಲ್ಲೂ ಉದ್ದ ಎಣಿಸಬೇಕಿದ್ದವರಿಗೆ ಸಿಂಗ್ಯುಲರ್ ಬಿಟ್ಟು ಬೇರೆಯದನ್ನು ಹೇಳಲು ಮನಸ್ಸು ಬಾರದು. ಹಾಕಿಕೊಂಡ ಮೇಲೆ ಮೊದಲು 4, 5, 11ರ ವಕ್ರರೇಖೆಯನ್ನೇ ಡಿಎಸ್‌ನಲ್ಲೊಮ್ಮೆ, ಎಲ್‌ಎಸ್‌ನಲ್ಲೊಮ್ಮೆ ಓಡಿಸಿ, ಆ 3 ಮತ್ತು 4 ಎಲ್ಲಿಂದ ಬಂದವೆಂದು ಕಾಗದದ ಮೇಲೆ ಏಕಪದಗಳನ್ನು ಬರೆದು ಎಣಿಸಿ ನೋಡಿ.